ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರುವ ಹಾಗೆ: ಸಭಾ ಹಾಲ್‌ನ ಮಾಡಿಗಾಗಿ ದೇಣಿಗೆ ಮನವಿ

ಕರ್ತನಲ್ಲಿ ಪ್ರಿಯರೇ,

ಸಭಾ ಸಮಿತಿಯ ಪರವಾಗಿ ನಿಮಗೆಲ್ಲ ವಂದನೆಗಳು.

ನಮ್ಮ ಚರ್ಚ್ ಪಕ್ಕದ ಊಟದ ಹಾಲ್‌ನ ಮಾಡು, ಅಂದರೆ ಚಾವಣಿ, ರಿಪೇರಿ ಆಗಬೇಕು. ಅದಕ್ಕೆ ದುಡ್ಡು ಬೇಕು. ಸುತ್ತಿ ಬಳಸಿ ಕೇಳುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆವು. ಆದರೆ ಇಷ್ಟು ಓದಿ ಒಂದು ಮೊತ್ತ ಕಳಿಸಿ ಸುಮ್ಮನಾಗಬೇಡಿ. ಯಾಕೆ ಕೇಳುತ್ತಿದ್ದೇವೆ, ಹೇಗೆ ಕೇಳುತ್ತಿದ್ದೇವೆ ಅನ್ನುವುದನ್ನೂ ದಯವಿಟ್ಟು ಓದಿ.

ಹಾಲ್‌ನ ಹಂಚುಗಳು ಹಳೆಯವು, ಆದರೂ ಗಟ್ಟಿ ಇವೆ. ಹಾಳಾಗಿರುವುದು ಮರ. ಪಕ್ಕಾಸುಗಳಿಗೆ ಗೆದ್ದಲು ಹಿಡಿದಿದೆ, ರೀಪುಗಳು ಬಾಗಿವೆ. ಮರ ಬಾಗಿದ ಕಡೆ ಹಂಚು ಜಾರುತ್ತದೆ. ಹಂಚು ಜಾರಿದ ಕಡೆ ನೀರು ಇಳಿಯುತ್ತದೆ. ನಮ್ಮ ಕರಾವಳಿಯ ಮಳೆ ನಿಮಗೆ ಗೊತ್ತೇ ಇದೆ, ಒಂದು ಕಡೆ ದಾರಿ ಸಿಕ್ಕಿದರೆ ಸಾಕು. ಕಳೆದ ಮಳೆಗಾಲದಲ್ಲಿ ಹಾಲ್‌ನ ಅರ್ಧಭಾಗಕ್ಕೆ ಹಗ್ಗ ಕಟ್ಟಿ ಯಾರೂ ಹೋಗದ ಹಾಗೆ ಮಾಡಬೇಕಾಯಿತು.

ಉಳಿದ ಅರ್ಧದಲ್ಲಿ ಎಲ್ಲರಿಗೂ ಜಾಗ ಸಾಲುವುದಿಲ್ಲ. ಹಾಗಾಗಿ ಪಂಕ್ತಿ ಶುರುವಾಯಿತು. ಮೊದಲ ಪಂಕ್ತಿಯಲ್ಲಿ ಅತಿಥಿಗಳು, ಹಿರಿಯರು, ಬೇಗ ಹೊರಡಬೇಕಾದವರು. ಕೊನೆಯ ಪಂಕ್ತಿಯಲ್ಲಿ ಬಡಿಸಿದವರು, ಪಾತ್ರೆ ತೊಳೆದವರು, ಎರಡು ಬಸ್ ಬದಲಿಸಿ ಬಂದ ಮನೆಯವರು. ಅಷ್ಟು ಹೊತ್ತಿಗೆ ಕೋಳಿ ಸಾರಿನಲ್ಲಿ ಸಾರು ಮಾತ್ರ ಉಳಿದಿರುತ್ತದೆ, ಅಲ್ವಾ? ಯಾರೂ ಬೇಕೆಂದು ಮಾಡಿದ್ದಲ್ಲ. ಜಾಗವೇ ಹಾಗೆ ಮಾಡಿಸಿತು. ಆದರೆ ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಂಡು ಆಗಷ್ಟೇ ಚರ್ಚ್‌ನಿಂದ ಹೊರಬಂದವರು, ಇಪ್ಪತ್ತು ಹೆಜ್ಜೆ ನಡೆಯುವುದರೊಳಗೆ ಮೊದಲಿನವರು, ಕೊನೆಯವರು ಅಂತ ಎರಡಾಗುವುದನ್ನು ನೋಡುವುದು ಕಷ್ಟ.

ಇದು ಹೊಸ ಸಮಸ್ಯೆ ಏನಲ್ಲ. ಯೇಸುವಿನ ನಂತರದ ಮೊದಲ ಕಾಲದಲ್ಲಿ ಗ್ರೀಸಿನ ಕೊರಿಂಥ ಪಟ್ಟಣದ ಸಭೆಯಲ್ಲೂ ಇದೇ ಆಗಿತ್ತು. ಕರ್ತನ ಭೋಜನಕ್ಕೆ ಸೇರಿದಾಗ ಅನುಕೂಲಸ್ಥರು ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ಅಪೊಸ್ತಲ ಪೌಲನಿಗೆ ಬಂದ ಸಿಟ್ಟು ಅವನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೇ ಅಧ್ಯಾಯದಲ್ಲಿ ಹಾಗೇ ಉಳಿದಿದೆ. ಊಟಕ್ಕೆ ಸೇರಿದಾಗ ಒಬ್ಬರಿಗೊಬ್ಬರು ಕಾಯಿರಿ ಎಂದು ಅವನು ಬರೆದ. ನಮ್ಮಲ್ಲಿ ಕಾಯುವವರು ಯಾವಾಗಲೂ ಅದೇ ಮನೆಯವರು ಆಗಿಬಿಟ್ಟಿದ್ದಾರೆ.

ಅದೇ ಪೌಲ ದೇಣಿಗೆಯನ್ನೂ ಎತ್ತಿದವನು. ಯೆರೂಸಲೇಮಿನ ಸಭೆಯಲ್ಲಿ ಬಡತನ ಇತ್ತು. ಅಲ್ಲಿದ್ದವರು ಯೆಹೂದ್ಯರು. ದೂರದ ಮಕೆದೋನ್ಯ, ಅಖಾಯ, ಗಲಾತ್ಯದ ಸಭೆಗಳಲ್ಲಿದ್ದವರು ಹೆಚ್ಚಾಗಿ ಅನ್ಯಜನಾಂಗದವರು. ಒಬ್ಬರನ್ನೊಬ್ಬರು ಸಂಶಯದಿಂದ ನೋಡುತ್ತಿದ್ದ ಕಾಲ. ಸುನ್ನತಿ ಬೇಕೋ ಬೇಡವೋ, ಯಾರ ಜೊತೆ ಕೂತು ಉಣ್ಣಬಹುದು, ಇಂಥ ವಾದಗಳಲ್ಲಿ ಸಭೆ ಒಡೆಯುವ ಹಂತಕ್ಕೆ ಬಂದಿತ್ತು. ಪೌಲ ವಾದ ಮಾಡಿದ, ಪತ್ರ ಬರೆದ. ಅದರ ಜೊತೆಗೆ ದುಡ್ಡೂ ಕೂಡಿಸಿದ. ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ಸ್ವಲ್ಪ ಎತ್ತಿಡಿ ಅಂದ. ಮಕೆದೋನ್ಯದವರು ಸ್ವತಃ ಬಡವರು. ಆದರೂ ನಮ್ಮನ್ನು ಬಿಡಬೇಡಿ, ನಾವೂ ಕೊಡುತ್ತೇವೆ ಅಂತ ಬೇಡಿಕೊಂಡು ಕೊಟ್ಟರು.

ಇಲ್ಲಿ ಎರಡು ಸಂಗತಿ ನಮಗೆ ತುಂಬ ಹಿಡಿಸುತ್ತವೆ. ಒಂದು, ಪೌಲ ಆ ದುಡ್ಡನ್ನು ಒಬ್ಬನೇ ಒಯ್ಯಲಿಲ್ಲ. ಸಭೆಗಳೇ ಆರಿಸಿದ ಜನರನ್ನು ಜೊತೆಗೆ ಕರೆದುಕೊಂಡ. ದೇವರ ಮುಂದೆ ಮಾತ್ರ ಅಲ್ಲ, ಜನರ ಮುಂದೆಯೂ ಸರಿಯಾಗಿರಬೇಕು, ಯಾರೂ ಬೆರಳು ತೋರಿಸಬಾರದು ಅನ್ನುವುದು ಅವನ ಲೆಕ್ಕ. ಇನ್ನೊಂದು, ಯೆರೂಸಲೇಮಿನವರು ಈ ಕಾಣಿಕೆಯನ್ನು ಸ್ವೀಕರಿಸುತ್ತಾರೋ ಇಲ್ಲವೋ ಅನ್ನುವ ಅಳುಕು ಅವನಿಗೆ ಇತ್ತು. ರೋಮಾಪುರದವರಿಗೆ ಬರೆದ ಪತ್ರದ 15ನೇ ಅಧ್ಯಾಯದಲ್ಲಿ ಅದಕ್ಕಾಗಿ ಪ್ರಾರ್ಥನೆ ಮಾಡಿ ಎಂದು ಕೇಳಿಕೊಳ್ಳುತ್ತಾನೆ. ದುಡ್ಡು ಕೊಡುವವನು ತೆಗೆದುಕೊಳ್ಳುವವರ ಮನಸ್ಸಿಗೆ ಹೆದರುವುದನ್ನು ನಾವು ಎಷ್ಟು ಕಡೆ ನೋಡಿದ್ದೇವೆ? ಅವನಿಗೆ ಬೇಕಾಗಿದ್ದದ್ದು ಆ ಎರಡು ಗುಂಪು ಒಂದು ಮನೆಯಾಗುವುದು. ದುಡ್ಡು ಅದರ ಗುರುತು ಅಷ್ಟೇ.

ನಮ್ಮ ಸೀಮೆಯ ಸಭೆಗಳೂ ಹೀಗೇ ಹುಟ್ಟಿದವು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರ ಮಾತು ಕೇಳಿ ಸಭೆಗೆ ಸೇರಿದವರಿಗೆ ಜಾತಿ ಹೋಯಿತು. ಎಷ್ಟೋ ಜನರಿಗೆ ಮನೆ, ಕಸುಬು, ಗೇಣಿ ಭೂಮಿ ಎಲ್ಲ ಹೋಯಿತು. ಹಾಗೆ ಬಂದವರಿಗೆ ಕೆಲಸ ಬೇಕಾಯಿತು. ಅಚ್ಚುಕೂಟ ಬಂತು, ಮಗ್ಗ ಬಂತು. 1865ರಲ್ಲಿ ಅದೇ ಮಿಷನ್ನಿನ ಪ್ಲೆಬ್ಸ್ಟ್ ಅವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹಂಚು ಅಂತ ಆಮೇಲೆ ಲೋಕವೆಲ್ಲ ಹೆಸರಾಯಿತಲ್ಲ, ಅದರ ಬೇರು ಇಲ್ಲಿದೆ. ಈ ಕಥೆಯಲ್ಲಿ ನಾವು ಹೆಚ್ಚಾಗಿ ಹೇಳುವುದು ಹಂಚು, ಅಚ್ಚುಕೂಟ, ನಿಘಂಟು ಇವನ್ನೇ. ಊಟದ ವಿಷಯ ಯಾರೂ ಹೇಳುವುದಿಲ್ಲ. ಬೇರೆ ಬೇರೆ ಜಾತಿಯಿಂದ ಬಂದವರು, ನಿನ್ನೆಯವರೆಗೆ ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟದಿದ್ದವರು, ಒಟ್ಟಿಗೆ ಕೂತು ಉಂಡರಲ್ಲ. ಆ ಕಾಲಕ್ಕೆ ಕಾರ್ಖಾನೆ ಕಟ್ಟುವುದಕ್ಕಿಂತ ಅದು ಕಷ್ಟದ ಕೆಲಸ ಅಂತ ನಮ್ಮ ಅಭಿಪ್ರಾಯ. ಪೂರ್ತಿ ಗೆದ್ದೆವು ಅಂತಲೂ ಹೇಳಲಾರೆವು. ಸಂಬಂಧ ನೋಡುವಾಗ ಹಳೇ ಮಾತು ಈಗಲೂ ಕೆಲವು ಮನೆಗಳಲ್ಲಿ ಮೆಲ್ಲಗೆ ಹೊರಬರುತ್ತದೆ.

ಮಿಷನ್ನುಗಳ ನಡುವೆಯೂ ಗೋಡೆಗಳು ಇದ್ದವು. ಕರಾವಳಿ ಮತ್ತು ಧಾರವಾಡದ ಕಡೆ ಬಾಸೆಲ್ ಮಿಷನ್. ಬಳ್ಳಾರಿ, ಬೆಂಗಳೂರಲ್ಲಿ ಲಂಡನ್ ಮಿಷನ್. ಮೈಸೂರು ಸಂಸ್ಥಾನದ ತುಮಕೂರು, ಹಾಸನ, ಶಿವಮೊಗ್ಗದ ಕಡೆ ವೆಸ್ಲಿಯನ್ ಮೆಥೋಡಿಸ್ಟರು. ಇವುಗಳ ಜೊತೆಗೆ ಆಂಗ್ಲಿಕನರು, ಅಂದರೆ ಇಂಗ್ಲೆಂಡಿನ ಸಭೆಯವರು. ದೇವರು ಒಬ್ಬನೇ, ಸತ್ಯವೇದ ಒಂದೇ, ಆದರೆ ಬಿಷಪ್ ಬೇಕೋ ಬೇಡವೋ, ಯಾರು ಕೈಯಿಟ್ಟರೆ ದೀಕ್ಷೆ ಸರಿ ಅಂತ ಯೂರೋಪಿನಲ್ಲಿ ಹುಟ್ಟಿದ ಜಗಳ ಇಲ್ಲಿಗೂ ಹಡಗಿನಲ್ಲಿ ಬಂದಿತ್ತು. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೂತ ಕೆಲವರು, ಅವರಲ್ಲಿ ಹೆಚ್ಚಿನವರು ಭಾರತೀಯ ಪಾಲಕರು, ಇದು ನಮ್ಮ ಜಗಳ ಅಲ್ಲ, ನಾವು ಒಂದಾಗೋಣ ಎಂದರು. ಮುಂದಾಳುಗಳಲ್ಲಿ ಒಬ್ಬರು ಈಗಿನ ತೆಲಂಗಾಣದ ದೋರ್ನಕಲ್‌ನ ಬಿಷಪ್ ಅಜರಯ್ಯ. ಮಾತುಕತೆ ಇಪ್ಪತ್ತೆಂಟು ವರ್ಷ ನಡೆಯಿತು. 1945ರ ಜನವರಿಯಲ್ಲಿ ಅಜರಯ್ಯ ತೀರಿಕೊಂಡರು, ಒಂದಾದದ್ದನ್ನು ಅವರು ನೋಡಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಹುಟ್ಟಿತು. ಆಗಸ್ಟಿನಲ್ಲಿ ದೇಶ ಎರಡಾಗಿತ್ತು, ರೈಲುಗಳಲ್ಲಿ ಹೆಣ ಬರುತ್ತಿದ್ದವು. ಆರು ವಾರ ಕಳೆದು ಒಂದಿಷ್ಟು ಜನ ಒಂದಾಗುತ್ತೇವೆ ಎಂದು ಮೊಣಕಾಲೂರಿದರು. ಅವರೆಲ್ಲರೂ ಒಂದಾಗಿರಲಿ ಎಂದು ಯೇಸು ಸಾಯುವ ಹಿಂದಿನ ರಾತ್ರಿ ಮಾಡಿದ ಪ್ರಾರ್ಥನೆ ಆ ಸಭೆಯ ಧ್ಯೇಯವಾಕ್ಯವಾಯಿತು.

ಹೊಸ ಸಭೆ ಆರಾಧನೆಯ ಕ್ರಮ ಬರೆದುಕೊಂಡಾಗ ಒಂದು ಹಳೆಯ ಪದ್ಧತಿಯನ್ನು ಮತ್ತೆ ತಂದಿತು. ಕರ್ತನ ಭೋಜನಕ್ಕೆ ಮೊದಲು ಪಕ್ಕದವರ ಕೈಯನ್ನು ನಮ್ಮ ಎರಡು ಕೈಗಳ ನಡುವೆ ಹಿಡಿದು ದೇವರ ಸಮಾಧಾನ ನಿಮಗಿರಲಿ ಎಂದು ಹಾರೈಸುವುದು. ಈಗ ನಾವು ಅದನ್ನು ಬೇಗ ಬೇಗ ಮುಗಿಸುತ್ತೇವೆ. ಮುನಿಸಿಕೊಂಡವರು ಜಾಗ ಬದಲಿಸಿ ಕೂತಿರುವುದೂ ಉಂಟು!

ನಮ್ಮ ಸಭೆಯಲ್ಲಿ ಎಲ್ಲರೂ ಒಂದೇ ಮಾತು ಅಂತ ಬರೆದರೆ ನಮ್ಮನ್ನು ಬಲ್ಲವರು ನಕ್ಕಾರು. ಈ ಹಾಲ್‌ನ ವಿಷಯದಲ್ಲೇ ಎರಡು ಪಕ್ಷ ಇತ್ತು. ಹಳೆಯದನ್ನು ಕೆಡವಿ ಎರಡು ಮಹಡಿಯ ಕಾಂಕ್ರೀಟ್ ಹಾಲ್ ಕಟ್ಟೋಣ, ಮದುವೆಗೆ ಬಾಡಿಗೆ ಕೊಟ್ಟರೆ ಆದಾಯ ಬರುತ್ತದೆ ಎಂದವರು ಒಂದು ಕಡೆ. ಅಜ್ಜಂದಿರು ಕಟ್ಟಿದ್ದನ್ನು ಮುಟ್ಟಬೇಡಿ ಎಂದವರು ಇನ್ನೊಂದು ಕಡೆ. ಶೀಟ್ ಹೊದೆಸಿ ಮುಗಿಸಿ ಎಂದವರೂ ಇದ್ದರು, ಶೀಟಿನ ಕೆಳಗೆ ಏಪ್ರಿಲ್‌ನಲ್ಲಿ ಕೂತು ನೋಡಿ ಎಂದ ಮೇಲೆ ಅವರು ಸುಮ್ಮನಾದರು. ಸಭಾ ಕೂಟ ಎರಡು ಸಲ ಗದ್ದಲದಲ್ಲೇ ಮುಗಿಯಿತು. ಕೊನೆಗೆ ಸ್ತ್ರೀ ಸಮಾಜದ ಅಮ್ಮಂದಿರು ಒಂದು ಪ್ರಶ್ನೆ ಎತ್ತಿದರು. ಸಾಲ ಮಾಡಿ ದೊಡ್ಡ ಹಾಲ್ ಕಟ್ಟಿದರೆ ಸಾಲ ತೀರುವವರೆಗೆ ಬಾಡಿಗೆಗೆ ಕೊಡುತ್ತಲೇ ಇರಬೇಕು, ಆಗ ನಾವು ಎಲ್ಲಿ ಉಣ್ಣುವುದು? ಅದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ. ಮಾಡು ರಿಪೇರಿ, ಅಡುಗೆ ಕೋಣೆ ಸ್ವಲ್ಪ ದೊಡ್ಡದು, ಎಲ್ಲರೂ ಒಂದೇ ಸಲ ಕೂರುವಷ್ಟು ಬೆಂಚು ಮತ್ತು ಮೇಜು. ಇಷ್ಟಕ್ಕೆ ಎಲ್ಲರೂ ಒಪ್ಪಿದರು. ಕಾಂಕ್ರೀಟ್ ಪಕ್ಷದ ಹುಡುಗರೇ ಈಗ ಮರದ ಬೆಲೆ ವಿಚಾರಿಸಿಕೊಂಡು ಓಡಾಡುತ್ತಿದ್ದಾರೆ.

ಸಭೆಗಳ ಆಸ್ತಿ ಜಗಳ ಕೋರ್ಟ್ ಮೆಟ್ಟಿಲು ಹತ್ತಿದ್ದನ್ನು ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಬಡವರು ಹಾಕಿದ ಕಾಣಿಕೆ ವಕೀಲರ ಫೀಸಿಗೆ ಹೋಗುವುದಕ್ಕಿಂತ ದೊಡ್ಡ ಸಂಕಟ ಸಭೆಗೆ ಇಲ್ಲ. ಅದಕ್ಕೇ ಈ ಸಲ ದುಡ್ಡು ಕೂಡಿಸುವ ಕ್ರಮವನ್ನೇ ಸ್ವಲ್ಪ ಬೇರೆ ಮಾಡಿದ್ದೇವೆ.

ಒಟ್ಟು ಅಂದಾಜು ವೆಚ್ಚ 14 ಲಕ್ಷ ರೂಪಾಯಿ. ಕಳೆದ ಬೆಳೆ ಹಬ್ಬದ ಏಲಂ ಮತ್ತು ಮನೆಗಳ ಕಾಣಿಕೆಯಿಂದ 5 ಲಕ್ಷ ಕೂಡಿದೆ. ಆ ಏಲಂನಲ್ಲಿ ಇದ್ದವರಿಗೆ ಗೊತ್ತು, ಒಂದು ಸೌತೆಕಾಯಿಗೆ ಅಣ್ಣತಮ್ಮಂದಿರು ಪೈಪೋಟಿಗೆ ಬಿದ್ದು ಎಷ್ಟು ಮೇಲೆ ಹೋದರು ಅಂತ. ಕೊನೆಗೆ ಆ ಸೌತೆಕಾಯಿ ಅಲ್ಲೇ ಸಾರಿಗೆ ಬಿತ್ತು. ಇನ್ನು 9 ಲಕ್ಷ ಬೇಕು.

ಯಾರಿಗೂ ಇಷ್ಟು ಕೊಡಿ ಅಂತ ಗೊತ್ತು ಮಾಡಿಲ್ಲ. ಮಾರ್ಬಲ್ ಕಲ್ಲಿನಲ್ಲಿ ಹೆಸರು ಕೆತ್ತಿಸುವುದಿಲ್ಲ. ದೊಡ್ಡ ಮೊತ್ತದವರ ಹೆಸರು ಮೇಲೆ, ಸಣ್ಣ ಮೊತ್ತದವರ ಹೆಸರು ಕೆಳಗೆ, ಬೀಡಿ ಕಟ್ಟಿ ಉಳಿಸಿದ್ದನ್ನು ಕೊಟ್ಟ ಅಜ್ಜಿಯ ಹೆಸರು ಎಲ್ಲೂ ಇಲ್ಲ. ಒಂದೇ ಪಂಕ್ತಿಯಲ್ಲಿ ಕೂರಲು ಕಟ್ಟುವ ಹಾಲ್‌ನ ಬಾಗಿಲಲ್ಲೇ ಅಂಥ ಕಲ್ಲು ನಿಲ್ಲಿಸಿದರೆ ಹೇಗೆ? ಇದರಿಂದ ಕೆಲವು ದೊಡ್ಡ ದೇಣಿಗೆ ತಪ್ಪಬಹುದು ಎಂದು ಸಮಿತಿಯಲ್ಲೇ ಕೆಲವರು ಹೇಳಿದರು. ತಪ್ಪಿದರೆ ತಪ್ಪಲಿ ಎಂದು ನಿರ್ಧಾರ ಆಯಿತು.

ದುಡ್ಡು ಇಲ್ಲದವರು ಕೆಲಸ ಕೊಡಬಹುದು. ಹಂಚು ಇಳಿಸಿ ತೊಳೆದು ಜೋಡಿಸಿಡಲು ಕೈ ಬೇಕು. ಬಡಗಿ ಕೆಲಸ ಬಲ್ಲವರು ನಮ್ಮಲ್ಲೇ ಇದ್ದಾರೆ, ಅವರು ವಾರಕ್ಕೊಂದು ದಿನ ಬಿಟ್ಟಿ ಬರುತ್ತೇವೆ ಅಂದಿದ್ದಾರೆ. ಮನೆ ಕೆಡವಿದಾಗ ಉಳಿದ ಒಳ್ಳೆಯ ಮರ, ಹಳೇ ಹಂಚು ಇದ್ದರೆ ತಿಳಿಸಿ, ನಾವೇ ಬಂದು ತರುತ್ತೇವೆ. ಸ್ತ್ರೀ ಸಮಾಜದವರು ಪ್ರತಿ ಅಡುಗೆಗೂ ಒಂದು ಹಿಡಿ ಅಕ್ಕಿ ತೆಗೆದಿಟ್ಟು ತಿಂಗಳಿಗೊಮ್ಮೆ ತರುತ್ತಾರೆ. ಕೆಲಸದವರ ಗಂಜಿ ಊಟ ಅದರಲ್ಲೇ ನಡೆಯಲಿದೆ.

ಲೆಕ್ಕ ನೋಡಲು ಐದು ಜನರ ಗುಂಪು ಇದೆ. ಸಮಿತಿಯವರು ಇಬ್ಬರೇ. ಉಳಿದ ಮೂವರಲ್ಲಿ ಒಬ್ಬರು ಯುವಜನರಿಂದ, ಒಬ್ಬರು ಸ್ತ್ರೀ ಸಮಾಜದಿಂದ, ಇನ್ನೊಬ್ಬರು ಹೋದ ವರ್ಷ ಸಮಿತಿಯನ್ನು ಎಲ್ಲರಿಗಿಂತ ಜಾಸ್ತಿ ಪ್ರಶ್ನೆ ಮಾಡಿದವರು. ಅವರನ್ನು ಬೇಕೆಂದೇ ಹಾಕಿದ್ದೇವೆ. ಪ್ರತಿ ತಿಂಗಳ ಮೊದಲ ಭಾನುವಾರ ಬಂದದ್ದು ಹೋದದ್ದು ಎರಡೂ ಬೋರ್ಡಿನಲ್ಲಿ ಇರುತ್ತದೆ.

ಊರಿನಿಂದ ದೂರ ಇರುವವರಿಗೆ ಎರಡು ಮಾತು. ಗಲ್ಫ್‌ನಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳು, ಭಾರತದ ಪಾಸ್‌ಪೋರ್ಟ್ ಇರುವವರು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ, ಒಸಿಐ (ಭಾರತ ಮೂಲದ ವಿದೇಶಿ ಪೌರರ) ಕಾರ್ಡ್ ಇದ್ದರೂ, ನಾವು ತೆಗೆದುಕೊಳ್ಳುವಂತಿಲ್ಲ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗೆ ಇಲ್ಲ, ಕಾನೂನು ಕಾನೂನೇ. ಬೇಸರ ಮಾಡಿಕೊಳ್ಳಬೇಡಿ, ರಜೆಗೆ ಬಂದಾಗ ಹಂಚು ಹೊರಲು ಬನ್ನಿ. ಈ ದೇಣಿಗೆಗೆ 80ಜಿ ತೆರಿಗೆ ವಿನಾಯಿತಿಯೂ ಸಿಗುವುದಿಲ್ಲ. ಮೊದಲೇ ತಿಳಿದಿರಲಿ.

ಸಭೆಗೆ ಸೇರದ ನೆರೆಹೊರೆಯವರೂ ವಿಚಾರಿಸಿದ್ದಾರೆ. ಮಳೆ ಜೋರಾಗಿ ತಗ್ಗಿನ ಮನೆಗಳಿಗೆ ನೀರು ನುಗ್ಗಿದಾಗ ಈ ಹಾಲ್‌ನ ಬಾಗಿಲು ಎಲ್ಲರಿಗೂ ತೆರೆದಿತ್ತು, ಅದನ್ನು ಅವರು ಮರೆತಿಲ್ಲ. ಅವರು ಪ್ರೀತಿಯಿಂದ ಕೊಟ್ಟದ್ದನ್ನು ಸಂತೋಷದಿಂದ ತೆಗೆದುಕೊಳ್ಳುತ್ತೇವೆ. ಆದರೆ ಮನೆ ಮನೆಗೆ ಹೋಗಿ ಕೇಳುವುದಿಲ್ಲ.

ಸಹೋದರರು ಒಂದಾಗಿರುವ ಕಡೆಗೇ ದೇವರು ಆಶೀರ್ವಾದ ಕಳಿಸುತ್ತಾನೆ ಎನ್ನುವ 133ನೇ ಕೀರ್ತನೆ ಹಬ್ಬಕ್ಕೆ ಯೆರೂಸಲೇಮಿಗೆ ಹತ್ತಿ ಹೋಗುವವರು ಹಾಡುತ್ತಿದ್ದ ಹಾಡು. ಮೂರೇ ವಚನ. ಬೇರೆ ಬೇರೆ ಊರಿನಿಂದ ಬಂದವರು ದಾರಿಯಲ್ಲಿ ಒಟ್ಟಿಗೆ ಹಾಡಿದ್ದು. ಸಂಡೇ ಸ್ಕೂಲ್ ಮಕ್ಕಳು ಈಗ ಅದನ್ನು ಕನ್ನಡದಲ್ಲೂ ತುಳುವಿನಲ್ಲೂ ಕಲಿಯುತ್ತಿದ್ದಾರೆ.

ಸೆಪ್ಟೆಂಬರ್ 27, ದಕ್ಷಿಣ ಭಾರತ ಸಭೆ ಹುಟ್ಟಿದ ದಿನ, ಕಾಣಿಕೆಗೆ ಕೊನೆಯ ದಿನ ಎಂದು ಇಟ್ಟುಕೊಂಡಿದ್ದೇವೆ. ಮಳೆ ಕಡಿಮೆಯಾದ ಕೂಡಲೇ ಅಕ್ಟೋಬರಿನಲ್ಲಿ ಹಂಚು ಇಳಿಸುತ್ತೇವೆ. ಕ್ರಿಸ್‌ಮಸ್ ಊಟ ಹೊಸ ಮಾಡಿನ ಕೆಳಗೆ ಆಗಬೇಕು ಅನ್ನುವುದು ಆಸೆ. ಆ ದಿನ ಮೊದಲು ಬಡಿಸುವವರು ಸಮಿತಿಯವರು, ಅದೂ ತೀರ್ಮಾನ ಆಗಿದೆ.

ಕಾಣಿಕೆಯನ್ನು ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚ್ ಕಚೇರಿಯಲ್ಲಿ ಕೊಡಬಹುದು. ಬ್ಯಾಂಕ್ ಖಾತೆಯ ವಿವರ ಮತ್ತು ಅಂದಾಜು ಪಟ್ಟಿಯ ಪ್ರತಿ ಅಲ್ಲೇ ಸಿಗುತ್ತದೆ. ಹತ್ತು ರೂಪಾಯಿ ಕೊಟ್ಟರೂ ರಸೀದಿ ತೆಗೆದುಕೊಳ್ಳದೆ ಹೋಗಬೇಡಿ.

ಕರ್ತನ ಸೇವೆಯಲ್ಲಿ,
ಕಾರ್ಯದರ್ಶಿ, ಸಭಾ ಸಮಿತಿಯ ಪರವಾಗಿ