ಪುಟವನ್ನು ಇಡಿಯಾಗಿ ಓದಿ

ಪ್ರಿಯ ಕಿರಿಯ ಮಿತ್ರರೇ,

ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್ ದಿನಪತ್ರಿಕೆಯ ಕಲಾಪುಟಗಳ ಚರಿತ್ರೆಗೆ ನೀವು ಕೈ ಹಾಕಿರುವುದು ನನಗೆ ನಿಜಕ್ಕೂ ಸಂತೋಷ ತಂದಿದೆ. ಕಳುಹಿಸಿದ ಅಧ್ಯಾಯ ಓದಿದೆ. ಇಸವಿಗಳಲ್ಲಿ ತಪ್ಪಿಲ್ಲ: 1835ರಲ್ಲಿ ಜೇಮ್ಸ್ ಗಾರ್ಡನ್ ಬೆನೆಟ್ ಶುರು ಮಾಡಿದ ಹೆರಾಲ್ಡ್, 1841ರಲ್ಲಿ ಹೊರೇಸ್ ಗ್ರೀಲಿ ಕಟ್ಟಿದ ಟ್ರಿಬ್ಯೂನ್, 1924ರಲ್ಲಿ ಎರಡೂ ಒಂದಾದದ್ದು, 1966ರಲ್ಲಿ ಬಾಗಿಲು ಮುಚ್ಚಿದ್ದು. ಆದರೆ ಅಧ್ಯಾಯದಲ್ಲಿ ಪತ್ರಿಕೆಯೇ ಇಲ್ಲ. ವಿಮರ್ಶಕರ ಹೆಸರುಗಳು ಸಾಲಾಗಿ ಬರುತ್ತವೆ. ಅವರು ಯಾವ ಹೊತ್ತಿನಲ್ಲಿ, ಎಷ್ಟು ಜಾಗಕ್ಕೆ ಬರೆದರು ಎಂಬುದು ಎಲ್ಲೂ ಕಾಣುವುದಿಲ್ಲ.

ವರ್ಜಿಲ್ ಥಾಮ್ಸನ್ ಅವರನ್ನೇ ನೋಡಿ. ಪತ್ರಿಕೆಯ ಸಂಗೀತ ವಿಮರ್ಶಕರೂ ಸ್ವತಃ ಸಂಗೀತ ಸಂಯೋಜಕರೂ ಆಗಿದ್ದ ಅವರು 1940ರ ಅಕ್ಟೋಬರ್ 10ರ ರಾತ್ರಿ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್‌ನ ಸಂಗೀತ ಕಛೇರಿಗೆ ಹೋದರು. ಬೀಥೋವನ್, ಎಲ್ಗರ್, ಸಿಬೇಲಿಯಸ್ ಕೃತಿಗಳಿದ್ದವು, ನಿರ್ದೇಶನ ಬಾರ್ಬಿರೊಲ್ಲಿಯವರದು. ಸಿಬೇಲಿಯಸ್‌ನ ಎರಡನೆಯ ಸಿಂಫನಿ ಒರಟು, ಹಳ್ಳಿಗಾಡಿನದು ಎಂದು ಥಾಮ್ಸನ್ ಜರೆದರು. ಈ ವಾದ್ಯವೃಂದ ನಗರದ ಬೌದ್ಧಿಕ ಬದುಕಿನ ಭಾಗವಾಗಿಲ್ಲ ಏಕೆಂದು ಈಗ ಅರ್ಥವಾಯಿತು ಎಂಬ ಗೆಳೆಯರೊಬ್ಬರ ಮಾತನ್ನೂ ಸೇರಿಸಿದರು. ನೀವು ಇದನ್ನು ಅಹಂಕಾರ ಎಂದು ಕರೆದು ಮುಂದೆ ಸಾಗಿದ್ದೀರಿ. ಸ್ವಲ್ಪ ನಿಲ್ಲಿ. ಕಛೇರಿ ಮುಗಿದದ್ದು ರಾತ್ರಿ. ಬರಹ ಮರುದಿನದ ಪತ್ರಿಕೆಯಲ್ಲಿತ್ತು. ಒಂದು ರಾತ್ರಿ ಮಲಗಿ ಎದ್ದು ಮಾತನ್ನು ಹದಗೊಳಿಸುವ ಅವಕಾಶ ಅವರಿಗಿರಲಿಲ್ಲ. ಆ ಬರಹದ ಬಿಸಿಯಲ್ಲಿ ಅವರ ಸ್ವಭಾವದ ಪಾಲೆಷ್ಟು, ಅಚ್ಚಿನ ಗಡುವಿನ ಪಾಲೆಷ್ಟು? ನಿಮ್ಮ ಪುಸ್ತಕ ಕೇಳಬೇಕಾದ ಪ್ರಶ್ನೆ ಇದು.

ಅದಕ್ಕಾಗಿ ವಿಮರ್ಶಾ ಸಂಕಲನಗಳನ್ನು ಸದ್ಯಕ್ಕೆ ಬದಿಗಿಡಿ. ಅವುಗಳಲ್ಲಿ ಉಳಿದು ಬಂದ ಬರಹಗಳಷ್ಟೇ ಇರುತ್ತವೆ. ಹಳೆಯ ಸಂಚಿಕೆಗಳನ್ನು ಪುಟಪುಟವಾಗಿ ಫಿಲ್ಮಿಗೆ ಇಳಿಸಿಟ್ಟ ಮೈಕ್ರೋಫಿಲ್ಮ್‌ನಲ್ಲಿ ಪುಟವನ್ನು ಇಡಿಯಾಗಿ ಓದಿ: ನಾಟಕದ ವಿಮರ್ಶೆಯ ಪಕ್ಕದಲ್ಲಿ ಯಾವ ಜಾಹೀರಾತಿದೆ, ಯಾವ ಕಛೇರಿಗೆ ನಾಲ್ಕೇ ಸಾಲು ಸಿಕ್ಕಿದೆ, ಯಾವುದು ಕೊನೆಯ ಗಳಿಗೆಯಲ್ಲಿ ತುಂಡಾಗಿದೆ. ಕಂಪ್ಯೂಟರಿನಲ್ಲಿ ಹೆಸರು ಹಾಕಿ ಹುಡುಕಿದರೆ ಯಾರ ಬಗ್ಗೆ ಬರೆದರು ಎಂಬುದು ಸಿಗುತ್ತದೆ. ಯಾರನ್ನು ಬಿಟ್ಟರು ಎಂಬುದು ಹಾಗೆ ಸಿಗುವುದಿಲ್ಲ.

ವಿಮರ್ಶಕಿ ಮಾರ್ಗರೆಟ್ ಫುಲ್ಲರ್ ಅವರಿಗೆ ಒಂದೇ ಪ್ಯಾರಾ ಸಾಲದು. 1844ರ ಕೊನೆಯಲ್ಲಿ ಟ್ರಿಬ್ಯೂನ್ ಸೇರಿದ ಅವರು ಪುಸ್ತಕಗಳ ಬಗ್ಗೆ ಬರೆದ ಕೈಯಲ್ಲೇ ಸೆರೆಮನೆಗಳ, ಹುಚ್ಚಾಸ್ಪತ್ರೆಗಳ ಸ್ಥಿತಿಯನ್ನೂ ಬರೆದರು. ಕಲೆಗೆಂದು ಬೇರೆ ಬೇಲಿ ಇನ್ನೂ ಬಿದ್ದಿರಲಿಲ್ಲ. ಅದು ಯಾವಾಗ, ಯಾರಿಗಾಗಿ ಬಿತ್ತು ಎಂದು ಹುಡುಕಿ.

1962ರ ಡಿಸೆಂಬರಿನಲ್ಲಿ ಆರಂಭವಾದ ನ್ಯೂಯಾರ್ಕಿನ ಪತ್ರಿಕಾ ಮುದ್ರಕರ ಮುಷ್ಕರವನ್ನು ನೀವು ಹಣಕಾಸಿನ ಅಧ್ಯಾಯಕ್ಕೆ ಸೇರಿಸಿದ್ದೀರಿ. ಅದನ್ನು ಕಲಾಪುಟಗಳ ನಡುವೆ ತನ್ನಿ. 114 ದಿನ ಮುಷ್ಕರ ನಡೆಯಿತು. ಹೊಸ ಪುಸ್ತಕಗಳು ಬರುತ್ತಲೇ ಇದ್ದವು, ವಿಮರ್ಶೆ ಅಚ್ಚಾಗಲು ಪತ್ರಿಕೆ ಇರಲಿಲ್ಲ, ಪ್ರಕಾಶಕರಿಗೆ ಜಾಹೀರಾತು ಕೊಡಲು ಜಾಗವಿರಲಿಲ್ಲ. ಆ ಖಾಲಿ ಜಾಗದಲ್ಲೇ 1963ರಲ್ಲಿ ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್ ಎಂಬ ಪುಸ್ತಕ ವಿಮರ್ಶೆಯ ನಿಯತಕಾಲಿಕ ಹುಟ್ಟಿತು. ಹೆರಾಲ್ಡ್ ಟ್ರಿಬ್ಯೂನ್‌ನ ಭಾನುವಾರದ ಪುರವಣಿ ‘ನ್ಯೂಯಾರ್ಕ್’, ಆ ದಿನಪತ್ರಿಕೆ ನಿಂತ ಮೇಲೂ ಬದುಕಿತು. ಅದರ ಸಂಪಾದಕ ಕ್ಲೇ ಫೆಲ್ಕರ್ 1968ರಲ್ಲಿ ಅದನ್ನು ಸ್ವತಂತ್ರ ನಿಯತಕಾಲಿಕವಾಗಿ ಹೊರತಂದರು. ನಿಮ್ಮ ಚರಿತ್ರೆ 1966ಕ್ಕೆ ನಿಲ್ಲಬೇಕಾಗಿಲ್ಲ.

ಮುಷ್ಕರದ ಅಧ್ಯಾಯವನ್ನೇ ಮೊದಲು ಬರೆದು ಕಳುಹಿಸಿ. ಕಾಯುತ್ತಿರುತ್ತೇನೆ.

ನಿಮ್ಮ ಹಿತೈಷಿ