ಊಟ ಒಂಬತ್ತರವರೆಗೆ, ಕಟ್ಟೆ ಬೆಳಗಿನವರೆಗೆ

ಹುಬ್ಬಳ್ಳಿ ಸ್ಟೇಷನ್ ರಸ್ತೆಯ ನಮ್ಮ ಖಾನಾವಳಿಗೆ ಬರುವ ಎಲ್ಲರಿಗೂ ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ. ಬರುವ ತಿಂಗಳ 1ನೇ ತಾರೀಖಿನಿಂದ ರಾತ್ರಿ ಊಟ ಹತ್ತೂವರೆಗಲ್ಲ, ಒಂಬತ್ತಕ್ಕೇ ಮುಗಿಯುತ್ತದೆ. ಊಟದ ರೇಟು 80ರಿಂದ 90 ರೂಪಾಯಿ ಆಗುತ್ತದೆ. ಶಟರ್ ಎಳೆದ ಮೇಲೆ ಮುಂದಿನ ಕಟ್ಟೆಯಲ್ಲಿ ಮಲಗುವವರನ್ನು ನಾವು ಎಬ್ಬಿಸುವುದಿಲ್ಲ. ಎಬ್ಬಿಸಿ ಅಂತ ಪೊಲೀಸರಿಗೆ ಫೋನೂ ಮಾಡುವುದಿಲ್ಲ. ಕಟ್ಟೆಗೆ ಚೂಪು ಸರಳು ಹಾಕಿಸಿ ಅಂತ ನಿಮ್ಮಲ್ಲಿ ಕೆಲವರು ಹೇಳಿದ್ದಿರಿ. ಅದೂ ಆಗುವುದಿಲ್ಲ.

ಹೊತ್ತು, ರೇಟಿನ ಕಾರಣ ಸುಲಭ. ನಮ್ಮಲ್ಲಿ ರೊಟ್ಟಿ ಬಡಿಯುವ ಅಕ್ಕಂದಿರು ಬೆಳಗ್ಗೆ ಆರಕ್ಕೆ ಒಲೆ ಹಚ್ಚುತ್ತಾರೆ, ಮನೆಗೆ ಹೋಗುವಾಗ ರಾತ್ರಿ ಹನ್ನೊಂದು. ಮಾಲೀಕರೇ ಇಲ್ಲದ, ಹನ್ನೊಂದು ಜನ ಸೇರಿ ನಡೆಸುವ ಖಾನಾವಳಿ ಅಂತ ಹೇಳಿಕೊಂಡು ನಮ್ಮನ್ನು ನಾವೇ ಹದಿನೇಳು ತಾಸು ದುಡಿಸಿಕೊಂಡರೆ ಹೇಗೆ? ಇನ್ನು ಮೇಲೆ ಎರಡು ಪಾಳಿ, ಒಂದೊಂದು ಎಂಟು ತಾಸು. ಇನ್ನಿಬ್ಬರು ಸೇರಿಕೊಳ್ಳುತ್ತಿದ್ದಾರೆ. ಆ ಹತ್ತು ರೂಪಾಯಿ ಅವರಿಗೆ.

ಗಲ್ಲೆಯ ಮೇಲೆ ಕೂರುವ ಕಾಕಾ ಕೆಂಬಾವುಟದ ಯೂನಿಯನ್‌ನಲ್ಲಿದ್ದವರು. ಎಂಟು ತಾಸು ಅಂದ ಕೂಡಲೇ ಅವರು ಷಿಕಾಗೋಕ್ಕೆ ಹೋಗಿಬಿಡುತ್ತಾರೆ. ದಿನಕ್ಕೆ ಎಂಟೇ ತಾಸು ಕೆಲಸ ಬೇಕು ಅಂತ 1886ರ ಮೇ 1ಕ್ಕೆ ಶುರುವಾದ ಮುಷ್ಕರ, ಮೇ 4ರ ಹೇಮಾರ್ಕೆಟ್ ಸಭೆ, ಸಭೆ ಚದುರಿಸಲು ಬಂದ ಪೊಲೀಸರ ಮೇಲೆ ಯಾರೋ ಎಸೆದ ಬಾಂಬು. ಎಸೆದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಆದರೂ ಮರುವರ್ಷ ನವೆಂಬರಿನಲ್ಲಿ ನಾಲ್ವರು ಕಾರ್ಮಿಕ ಮುಂದಾಳುಗಳನ್ನು ಗಲ್ಲಿಗೇರಿಸಿದರು. ಇಲ್ಲಿಗೆ ಬಂದಾಗ ಪಲ್ಯ ಮಾಡುವ ನಮ್ಮ ಹುಡುಗ ಒಳಗಿನಿಂದಲೇ ಕೂಗುತ್ತಾನೆ: "ಕಾಕಾ, ಅವರು ಅರಾಜಕವಾದಿಗಳಿದ್ರು, ಅದನ್ನೂ ಹೇಳ್ರಿ!" ಹುಡುಗ ಹೇಳುವುದು ಸರಿ. ಪೇಪರಿನವರು ಗಲಾಟೆಗೆಲ್ಲ ಅರಾಜಕತೆ ಅಂತ ಬರೆದು ಆ ಪದವನ್ನೇ ಕೆಡಿಸಿದ್ದಾರೆ. ಮೇಲೆ ಯಜಮಾನನಿಲ್ಲದೆ ಜನ ತಾವೇ ಕೂಡಿ ಬದುಕಬಹುದು ಅನ್ನುವುದು ಅರಾಜಕವಾದಿಗಳ ವಾದ. ಹಾಗೆ ನೋಡಿದರೆ ಈ ಅಡುಗೆಮನೆಯೂ ಅದೇ, ಅಲ್ವಾ? ಜಗಳ ಜಾಸ್ತಿ, ಅಷ್ಟೇ.

ಇನ್ನು ಕಟ್ಟೆಯ ವಿಷಯ. ಇದನ್ನು ಹೇಳಲು ನಮಗೆ ನಾಚಿಕೆಯಾಗುತ್ತದೆ.

ಹೋದ ಚಳಿಗಾಲದಲ್ಲಿ ಒಬ್ಬ ಹಮಾಲಿ ದಿನಾ ರಾತ್ರಿ ಇಲ್ಲಿ ಮಲಗುತ್ತಿದ್ದ. ಬೆಳಗಿನ ಜಾವ ಲಾರಿ ಖಾಲಿ ಮಾಡುವ ಕೆಲಸ. ಇಬ್ಬರು ಮೂವರು ಗ್ರಾಹಕರು ಬೇಜಾರು ಮಾಡಿಕೊಂಡರು ಅಂತ ಒಂದು ರಾತ್ರಿ ನಾವೇ 112ಕ್ಕೆ ಫೋನ್ ಮಾಡಿದೆವು. ಜೀಪು ಬಂತು. ಕಟ್ಟೆಯ ಕಲ್ಲಿನ ಮೇಲೆ ಲಾಠಿ ಕುಟ್ಟಿದ ಸದ್ದಿಗೆ ಅವನು ಎದ್ದು ಕೂತ. "ನಾಲ್ಕಕ್ಕ ಲಾರಿ ಬರತೈತ್ರೀ, ಎರಡ ತಾಸ ಮಲಗತೇನ್ರೀ" ಅಂದ. ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಅವಸರದಲ್ಲಿ ಕೌದಿ ಬಿಟ್ಟು ಹೋದ. ಹಳೇ ಇಳಕಲ್ ಸೀರೆಯ ಕೆಂಪು ಸೆರಗು ನಡುವೆ ಇಟ್ಟು, ಸುತ್ತ ಸಣ್ಣ ಹೊಲಿಗೆ ಹಾಕಿದ ಕೌದಿ. ಮನೆಯ ಹೆಂಗಸರು ಯಾರೋ ತಿಂಗಳುಗಟ್ಟಲೆ ಕೂತು ಹೊಲಿದಿರಬೇಕು. ಅವನು ಮತ್ತೆ ಈ ಕಡೆ ಬರಲಿಲ್ಲ.

ಅವನು ಭಿಕ್ಷುಕನಾಗಿರಲಿಲ್ಲ. ಆಗಿದ್ದರೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಹಿಡಿದುಕೊಂಡು ಕರೆದೊಯ್ಯಬಹುದಿತ್ತು. ಅದಕ್ಕಾಗಿಯೇ ನಿಮ್ಮ ಆಸ್ತಿ ತೆರಿಗೆಯ ಮೇಲೆ ಶೇ. 3ರಷ್ಟು ಭಿಕ್ಷುಕರ ಕರ ಹಿಡಿಯುತ್ತಾರೆ, ರಸೀದಿ ತೆಗೆದು ನೋಡಿ. ದುಡಿದು ಬಂದು ಬೀದಿಯಲ್ಲಿ ಮಲಗುವವರ ಮಾತೇ ಬೇರೆ. ನಗರದ ಒಂದು ಲಕ್ಷ ಜನಸಂಖ್ಯೆಗೆ, ಮನೆಯಿಲ್ಲದವರು ರಾತ್ರಿ ತಂಗಲು ಒಂದು ವಸತಿ ಕೇಂದ್ರ ಇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2011ರ ಗಣತಿಯಲ್ಲೇ 9.43 ಲಕ್ಷ. ಒಂಬತ್ತಾದರೂ ಬೇಕು. ನಮ್ಮ ಸ್ಟೇಷನ್ನಿನಲ್ಲಿ ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಇದೆ, 1,507 ಮೀಟರ್. ಟಿಕೆಟ್ ಇಲ್ಲದವನಿಗೆ ಅದರಲ್ಲಿ ಆರಡಿಯೂ ಇಲ್ಲ.

ಏನು ಮಾಡೋಣ ಅಂತ ಮೂರು ಭಾನುವಾರ ಚರ್ಚೆ ಆಯಿತು. ಪಾಲಿಕೆ ಮುಂದೆ ಕೂತು ವಸತಿ ಕೇಳಬೇಕು, ಸರ್ಕಾರದ ಕೆಲಸವನ್ನು ನಾವು ಮಾಡಿ ಅವರನ್ನು ಪಾರು ಮಾಡಬಾರದು ಅಂತ ಕಾಕಾ. ಅರ್ಜಿಗೆ ಉತ್ತರ ಬರುವ ತನಕ ಜನ ಎಲ್ಲಿ ಮಲಗಬೇಕು, ಕಟ್ಟೆ ನಮ್ಮದೇ ಅಲ್ವಾ ಅಂತ ಹುಡುಗ. ಕೊನೆಗೆ ಎರಡನ್ನೂ ಮಾಡುವುದೆಂದಾಯಿತು. ಅರ್ಜಿ ಗಲ್ಲೆಯ ಮೇಲಿದೆ, ಊಟ ಮುಗಿಸಿ ಸಹಿ ಹಾಕಿ.

"ನೀವೇನು ಪೊಲೀಸ್ ವಿರೋಧಿಗಳಾ?" ಅಂತ ಒಬ್ಬರು ಕೇಳಿದರು. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ, 2008ರಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಿದವರ ಮೇಲೆ ಗೋಲಿಬಾರ್ ಆದದ್ದನ್ನು ಕಂಡ ಸೀಮೆ ಇದು. ಇಲ್ಲಿ ಲಾಠಿ ಅಂದರೆ ಹೆದರುವುದಕ್ಕೆ ಯಾವ ವಾದವೂ ಬೇಕಿಲ್ಲ. ಹಾಗಂತ ನಮ್ಮಲ್ಲಿ ಊಟಕ್ಕೆ ಬರುವ ಪೇದೆಗಳೊಂದಿಗೆ ನಮಗೆ ಜಗಳವಿಲ್ಲ. ಎಂಟು ತಾಸಿನ ಮಾತು ಬಂದಾಗ ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದವರು ಅವರೇ. ಹೊಡೆದಾಟ ಆದರೆ ಏನು ಮಾಡುವುದು ಎಂಬುದರಲ್ಲಿ ಮಾತ್ರ ನಮ್ಮಲ್ಲೇ ಒಮ್ಮತವಿಲ್ಲ. ಸದ್ಯಕ್ಕೆ ದಿನಾ ಒಬ್ಬರು ಒಳಗೆ ಮಲಗುತ್ತೇವೆ. ಯಾರಾದರೂ ಹೆಣ್ಣುಮಕ್ಕಳಿಗೆ ತೊಂದರೆ ಕೊಟ್ಟರೆ ಬಾಗಿಲು ಬಡಿಯಿರಿ, ನಾವೇ ಹೊರಗೆ ಬರುತ್ತೇವೆ.

ಬೆಳಗ್ಗೆ ಆರಕ್ಕೆ ಕಟ್ಟೆ ಗುಡಿಸಿ ನೀರು ಹಾಕುತ್ತೇವೆ, ನಾಷ್ಟಾಕ್ಕೆ ಬರುವವರಿಗೆ ಅಡ್ಡಿಯಿಲ್ಲ. ತಿಂಗಳ ಪಾಸ್ ಇರುವವರಿಗೆ ಪಾಸ್ ಮುಗಿಯುವವರೆಗೂ ಹಳೇ ರೇಟೇ. ಕೌದಿಯನ್ನು ತೊಳೆದು ಗಲ್ಲೆಯ ಹಿಂದೆ ಗೂಟಕ್ಕೆ ಹಾಕಿದ್ದೇವೆ. ಗುರುತು ಇರುವವರು ಅವನಿಗೆ ತಿಳಿಸಿ.

ಇಂತಿ,
ಖಾನಾವಳಿಯ ಹನ್ನೊಂದು ಮಂದಿ