ಮೆಣಸಿನಕಾಯಿ ಮಾರುಕಟ್ಟೆಗೇ ತಪಾಸಣೆ ಬರಲಿ

ಮಾನ್ಯ ಸಂಪಾದಕರೆ,

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುವ ಹೆಂಗಸರ ಮಾತು ಕೇಳುತ್ತಾ ಕೂತರೆ ಯಾರ ವಯಸ್ಸು ಎಷ್ಟೆಂದು ಅಂದಾಜಾಗುತ್ತದೆ. ಇಪ್ಪತ್ತೈದರವರದು ಸೀನು, ಕೆಮ್ಮು, ಉರಿಯುವ ಬೆರಳು. ಎಣ್ಣೆ ಹಚ್ಚಿಕೊಂಡು ಮರುದಿನ ಮತ್ತೆ ಹಾಜರು. ಮೂವತ್ತೈದು ದಾಟಿದವರದು ಸೊಂಟ. ನಲವತ್ತೈದರ ಮೇಲೆ ಮೊಣಕಾಲು. ಗೋಡೆ ಹಿಡಿಯದೆ ಏಳಲು ಆಗುವುದಿಲ್ಲ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ ಅಂತ ಇವರಿಗೆ ಹೇಳುವವರೂ ಕಡಿಮೆ. "ವಯಸ್ಸಾತಲ್ರೀ" ಅಂದು ಸುಮ್ಮನಾಗಿಬಿಡುತ್ತಾರೆ.

ನನಗೆ ಜಾಸ್ತಿ ಚಿಂತೆ ಸದ್ದಿಲ್ಲದೆ ಬರುವ ಕಾಯಿಲೆಗಳದು. ಬಿಪಿ, ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಈ ತಪಾಸಣೆ ಉಚಿತ. ಆದರೆ ಕೇಂದ್ರ ತೆರೆದಿರುವ ಹೊತ್ತಿನಲ್ಲೇ ಇವರ ಕೆಲಸ. ಕೂಲಿ ಬಿಟ್ಟು ಹೋಗಿ ಅನ್ನೋದು ಸುಲಭ, ಅಲ್ವಾ? ಹಾಗಾಗಿ ಔಷಧಿ ಅಂಗಡಿಯೇ ದವಾಖಾನೆ. ನೋವಿನ ಗುಳಿಗೆ ದಿನಾ ನುಂಗಿದರೆ ಹೊಟ್ಟೆಹುಣ್ಣು ಆಗಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು, ಬಿಪಿಯೂ ಏರಬಹುದು.

ಸುಗ್ಗಿಯ ತಿಂಗಳುಗಳಲ್ಲಾದರೂ ಆರೋಗ್ಯ ಇಲಾಖೆ ಸಂಜೆ ಮಾರುಕಟ್ಟೆಯಲ್ಲೇ ಒಂದು ಮೇಜು ಹಾಕಲಿ. ಬಿಪಿ ಯಂತ್ರ, ಸಕ್ಕರೆ ನೋಡುವ ಯಂತ್ರ, ಒಬ್ಬ ನರ್ಸ್ ಇದ್ದರೆ ಸಾಕು. ವರ್ಷ ವರ್ಷದ ಲೆಕ್ಕ ಒಂದೇ ಕಾರ್ಡಿನಲ್ಲಿ ಬರೆದುಕೊಡಲಿ. ಈಗ ಪ್ರತಿ ಸಲ ಹೊಸ ಚೀಟಿ, ಹಳೆಯದು ಎಲ್ಲೋ ಚೀಲದ ತಳದಲ್ಲಿ. ವರ್ತಕರು ಕೂರಲು ಒಂದೊಂದು ಮಣೆಯನ್ನಾದರೂ ಕೊಡಲಿ. ಅದಕ್ಕೆ ಸರಕಾರದ ಆದೇಶವೇನೂ ಬೇಕಿಲ್ಲ.

– ಒಬ್ಬ ಓದುಗ, ಬ್ಯಾಡಗಿ, ಹಾವೇರಿ ಜಿಲ್ಲೆ